ಮೊದಲು ಭಾರ, ಆಮೇಲೆ ಪಿನ್

ಕೇಳುಗರೆಲ್ಲರಿಗೂ ನಮಸ್ಕಾರ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದಿದ್ದು ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಚೆನ್ನಾಗಿ ನೆನಪಿದೆ. ಅಂಥ ನೆರೆಯಲ್ಲಿ ಜನರನ್ನು ಹೊರಗೆ ತರುವುದು ಗಾಳಿ ತುಂಬಿದ ರಬ್ಬರ್ ಬೋಟುಗಳು. ಅದರ ಹಿಂದೆ ಕೂರಿಸುವ ಮೋಟಾರಿಗೆ ರಕ್ಷಣಾ ತಂಡದವರು ಓಬಿಎಂ, ಅಂದರೆ ಔಟ್‌ಬೋರ್ಡ್ ಮೋಟಾರ್ ಅಂತಾರೆ. ಆ ಮೋಟಾರಿನ ಟ್ರಿಮ್ ಬಗ್ಗೆ ಇವತ್ತು ನಾಲ್ಕು ಮಾತು. ಬೋಟ್ ಓಡಿಸುವವರೂ ಕೇಳಬೇಕು, ಅದರಲ್ಲಿ ಕೂರುವವರೂ ಕೇಳಬೇಕು.

ಟ್ರಿಮ್ ಅಂದರೆ ಬೋಟಿನ ಹಿಂದಿನ ಹಲಗೆಗೂ ಮೋಟಾರಿನ ಕಾಲಿಗೂ ನಡುವಿನ ಓರೆ. ಕಾಲು ಅಂದರೆ ನೀರಿಗೆ ಇಳಿಯುವ ಭಾಗ, ಅದರ ತುದಿಯಲ್ಲೇ ಪ್ರೊಪೆಲ್ಲರ್. ಚಿಕ್ಕ ಮೋಟಾರುಗಳಲ್ಲಿ ಇದನ್ನು ಬದಲಿಸಲು ಒತ್ತುವ ಗುಂಡಿ ಇರುವುದಿಲ್ಲ. ಹಲಗೆಗೆ ಕಚ್ಚಿಕೊಳ್ಳುವ ಬ್ರಾಕೆಟ್‌ನಲ್ಲಿ ಸಾಲಾಗಿ ತೂತುಗಳಿರುತ್ತವೆ, ಅದರೊಳಗೆ ಒಂದು ಪಿನ್. ಪಿನ್ ಹಲಗೆಯ ಹತ್ತಿರದ ತೂತಿನಲ್ಲಿದ್ದರೆ ಕಾಲು ಒಳಗೆ ಸರಿಯುತ್ತದೆ. ಆಗ ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ನೂಕುತ್ತದೆ. ಬೋಟಿನ ಹಿಂಬದಿ ಏಳುತ್ತದೆ, ಮೂತಿ ತಗ್ಗುತ್ತದೆ. ಪಿನ್ ಹೊರಗಿನ ತೂತಿಗೆ ಹೋದರೆ ಇದೆಲ್ಲ ತಿರುಗಾಮುರುಗಾ.

ಮರದ ದೋಣಿಗೆ ತನ್ನದೇ ತೂಕ ಇರುತ್ತದೆ. ರಬ್ಬರ್ ಬೋಟ್ ಹಗುರ. ಆದರೆ ಮೋಟಾರು, ಪೆಟ್ರೋಲ್ ಟ್ಯಾಂಕು, ಓಡಿಸುವವನು, ಮೂರೂ ಹಿಂದೆಯೇ. ಹಾಗಾಗಿ ಖಾಲಿ ಬೋಟಿನಲ್ಲಿ ಥ್ರಾಟಲ್ ತಿರುಗಿಸಿದ ಕೂಡಲೇ ಮೂತಿ ಆಕಾಶ ನೋಡುತ್ತದೆ. ಮುಂದಿನ ದಾರಿ ಕಾಣುವುದಿಲ್ಲ. ಎದುರುಗಾಳಿ ಜೋರಾಗಿದ್ದರೆ ಅಡಿಗೆ ಗಾಳಿ ನುಗ್ಗಿ ಬೋಟ್ ಹಿಂದಕ್ಕೆ ಮಗುಚುವುದೂ ಉಂಟು.

ಮೂತಿ ಎದ್ದಾಗ ಎಲ್ಲರ ಕೈಯೂ ಮೊದಲು ಪಿನ್‌ಗೆ ಹೋಗುತ್ತದೆ. ನಾನು ಹೇಳುವುದು, ಮೊದಲು ಭಾರ ಸರಿಸಿ. ಪೈಪು ಸಾಕಷ್ಟು ಉದ್ದವಿದ್ದರೆ ಟ್ಯಾಂಕನ್ನು ಮುಂದಕ್ಕೆ ಒಯ್ದು ಕಟ್ಟಿ. ಹಗ್ಗ, ಲೈಫ್ ಜಾಕೆಟ್ ಚೀಲ ಮುಂದೆ ಹಾಕಿ. ಜೊತೆಗಾರನನ್ನು ಮುಂದೆ ಕೂರಿಸಿ. ಇನ್ನೊಂದು ಮಾತು, ಟ್ಯೂಬಿನಲ್ಲಿ ಗಾಳಿ ಸರಿಯಾಗಿದೆಯಾ ಅಂತ ಒತ್ತಿ ನೋಡಿ. ದಡದ ಬಿಸಿಲಲ್ಲಿ ಬಿಗಿಯಾಗಿದ್ದ ಟ್ಯೂಬು ತಣ್ಣನೆಯ ನೀರಿಗೆ ಇಳಿದ ಮೇಲೆ ಸಡಿಲವಾಗುತ್ತದೆ. ಮೆತ್ತಗಾದ ಬೋಟ್ ನಡುವೆ ಬಾಗುತ್ತದೆ. ಅಂಥ ಬೋಟಿಗೆ ಪಿನ್ ಯಾವ ತೂತಿನಲ್ಲಿದ್ದರೂ ಅಷ್ಟೇ.

ಇಷ್ಟಾದ ಮೇಲೆ ಪಿನ್. ಪ್ರೊಪೆಲ್ಲರ್ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದೆ, ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರೆ. ಬೋಟ್ ಓಡುವಾಗ ಅದು ನೀರಿಗೆ ಸಮನಾಗಿರಬೇಕು, ಬೋಟಿನ ಅಡಿಯ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ. ತೀರಾ ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ. ಇಂಜಿನ್ ಚೀರುತ್ತದೆ, ಬೋಟ್ ಮುಂದೆ ಹೋಗುವುದಿಲ್ಲ. ತಟ್ಟೆಯ ಎತ್ತರವೇ ತಪ್ಪಿದ್ದರೆ ಪಿನ್ ಏನೂ ಮಾಡಲಾರದು. ಗಿಡ್ಡ ಕಾಲಿನ ಮೋಟಾರಿಗೆ ಸುಮಾರು 15 ಇಂಚು ಎತ್ತರದ ಹಲಗೆ, ಉದ್ದ ಕಾಲಿನದಕ್ಕೆ ಸುಮಾರು 20 ಇಂಚಿನದು. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ವೇಗದಲ್ಲಿ ಮೂತಿ ಕುಪ್ಪಳಿಸುತ್ತಿದ್ದರೆ ಪಿನ್ ಒಂದು ತೂತು ಒಳಗೆ ಹಾಕಿ. ಮೂತಿ ನೀರನ್ನು ಉಳುತ್ತಾ, ಹ್ಯಾಂಡಲ್ ಭಾರವಾಗಿ ಎಳೆಯುತ್ತಿದ್ದರೆ ಒಂದು ತೂತು ಹೊರಗೆ. ಒಂದು ಸಲಕ್ಕೆ ಒಂದೇ ತೂತು, ಆಮೇಲೆ ಓಡಿಸಿ ನೋಡಿ. ಇಂಜಿನ್ ನಿಲ್ಲಿಸದೆ ಪಿನ್ ಮುಟ್ಟಲೇಬೇಡಿ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯ. ನೆರೆಯಲ್ಲಿ ಬೋಟ್ ಹೋಗುವಾಗ ಖಾಲಿ, ಬರುವಾಗ ತುಂಬಿರುತ್ತದೆ. ಖಾಲಿ ಬೋಟಿಗೆ ಚೆಂದ ಕಂಡ ಟ್ರಿಮ್ ತುಂಬಿದ ಬೋಟಿಗೆ ಹೊಂದುವುದಿಲ್ಲ. ಸೆಳವಿನ ಮಧ್ಯೆ ಇಂಜಿನ್ ಆರಿಸಿ ಪಿನ್ ಬದಲಿಸುವುದಂತೂ ಆಗದ ಮಾತು. ಅದಕ್ಕೇ ಅಭ್ಯಾಸದ ದಿನವೇ ಆಳು ತುಂಬಿಸಿ ಓಡಿಸಿ, ಎರಡಕ್ಕೂ ನಡೆಯುವಂಥ ತೂತು ಹುಡುಕಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನಡುವಿನದ್ದು. ಬರುವಾಗ ನಿಧಾನವಾಗಿ ಬನ್ನಿ. ನಿಧಾನದಲ್ಲಿ ಟ್ರಿಮ್‌ಗಿಂತ ಜನ ಎಲ್ಲಿ ಕೂತಿದ್ದಾರೆ ಅನ್ನುವುದೇ ಮುಖ್ಯ. ಹೆದರಿದ ಜನ ಓಡಿಸುವವನ ಹತ್ತಿರ, ಹಿಂದಕ್ಕೇ ಬಂದು ಗುಂಪಾಗುತ್ತಾರೆ. ‘ಅಕ್ಕಾ, ಸ್ವಲ್ಪ ಮುಂದಕ್ಕೆ ಕೂತ್ಕೊಳ್ಳಿ’, ‘ಅಜ್ಜಾ, ನಡುವೆ ಕೆಳಗೆ ಕೂರಿ’ ಅಂತ ದನಿ ಏರಿಸದೆ ಹೇಳಿ. ಕೂರುವವರೇ, ಆ ಮಾತಿಗೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ನೀರು ತುಂಬಿದ ಹೊಲದಲ್ಲಿ ಕಬ್ಬು, ತಂತಿ ಬೇಲಿ ಅಡಗಿರುತ್ತವೆ. ಅಲ್ಲಿ ಮೋಟಾರಿನ ಕಾಲನ್ನು ಶ್ಯಾಲೋ ಡ್ರೈವ್‌ಗೆ, ಅಂದರೆ ಆಳ ಕಡಿಮೆ ಇರುವಲ್ಲಿ ಓಡಿಸುವ ಮಟ್ಟಕ್ಕೆ ಎತ್ತಿ, ಕಡಿಮೆ ವೇಗದಲ್ಲಿ ಹೋಗಿ. ತಣ್ಣಗಾಗಿಸುವ ನೀರಿನ ಧಾರೆ ಮೋಟಾರಿನಿಂದ ಹೊರಬರುತ್ತಿದೆಯಾ ಅಂತ ಆಗಾಗ ತಿರುಗಿ ನೋಡುತ್ತಿರಿ. ಆಳ ಸಿಕ್ಕ ಕೂಡಲೇ ಕಾಲನ್ನು ಕೆಳಗಿಳಿಸಿ, ಆಮೇಲಷ್ಟೇ ಥ್ರಾಟಲ್ ಕೊಡಿ.

ನಮಸ್ಕಾರ.