ಮೊದಲ ಗಾಯ ಕಂಡ ದಿನವೇ ಫೋನ್ ಮಾಡಿ

ನಮಸ್ಕಾರ. ಇವತ್ತಿನ ವಿಷಯ ಕೇಳೋಕೆ ಕಷ್ಟ, ಆದರೂ ಪೂರ್ತಿ ಕೇಳಿ. ಮನೆಯವರ ಹೊಡೆತದಿಂದ, ಇಲ್ಲಾ ನೋಡಿಕೊಳ್ಳೋರಿಲ್ಲದೆ ಸಾಯೋ ಎಳೆ ಮಕ್ಕಳ ಬಗ್ಗೆ ಮಾತಾಡಬೇಕಿದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಮಗು ತೀರಿಕೊಂಡರೆ ಒಂದು ಕ್ರಮ ಇದೆ. ಆಶಾ ಕಾರ್ಯಕರ್ತೆ 24 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು, ಆರೋಗ್ಯ ಸಹಾಯಕಿ ಮನೆಗೆ ಹೋಗಿ ಮೊದಲ ವರದಿ ಬರೀಬೇಕು, ಆಯ್ದ ಸಾವುಗಳನ್ನ ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ದೇಶಕ್ಕೆಲ್ಲ ಹಾಕಿಕೊಟ್ಟ ದಾರಿ ಇದು. ಒಳ್ಳೇ ದಾರಿನೇ. ಆದರೆ ಅದರ ಗಮನವೆಲ್ಲ ನ್ಯುಮೋನಿಯಾ, ಭೇದಿ, ಕಡಿಮೆ ತೂಕ, ಆಸ್ಪತ್ರೆಗೆ ತಡವಾಗಿದ್ದು, ಇವುಗಳ ಮೇಲೆ. ‘ಬಿದ್ದು ಸತ್ತಿತು’ ಅಂತ ಬರೆದ ಮಗುವಿನ ಮೈಮೇಲೆ ಅದಕ್ಕೂ ಮುಂಚೆ ಗಾಯ ಇತ್ತಾ, ಯಾರು ನೋಡಿದ್ರು, ನೋಡಿದವರು ಯಾರಿಗೆ ಹೇಳಿದ್ರು? ಇದನ್ನ ಕೇಳಲೇಬೇಕು. ಕೇಳೋ ಮೇಜಿನ ಸುತ್ತ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಪೊಲೀಸರು ಮೂವರೂ ಕೂತಿರಬೇಕು.

ಅಮೆರಿಕದಲ್ಲಿ ಇಂಥ ಸಾವುಗಳನ್ನ ತಡೆಯೋದಕ್ಕೇ ಒಂದು ರಾಷ್ಟ್ರೀಯ ಆಯೋಗ ಮಾಡಿದ್ರು. 2016ರಲ್ಲಿ ಅದರ ವರದಿ ಬಂತು. ದಿನಕ್ಕೆ ನಾಲ್ಕರಿಂದ ಎಂಟು ಮಕ್ಕಳು ಹೀಗೆ ಸಾಯ್ತಾರೆ ಅಂತ ಅವರ ಅಂದಾಜು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಒಂದು ವರ್ಷ ತುಂಬದವು, ಮುಕ್ಕಾಲು ಪಾಲು ಮೂರು ವರ್ಷದೊಳಗಿನವು. ಮುಖ್ಯವಾದದ್ದು ಮುಂದಿದೆ: ಆ ಮಗುವಿನ ಬಗ್ಗೆ ಹಿಂದೆ ಒಂದು ಸಲ ಸಹಾಯವಾಣಿಗೆ ಫೋನ್ ಬಂದಿತ್ತು ಅನ್ನೋದೇ ಮುಂದಿನ ಅಪಾಯದ ಅತಿ ದೊಡ್ಡ ಸುಳಿವು. ಆ ದೂರು ಸಾಬೀತಾಗಿರಲಿ, ಬಿಟ್ಟಿರಲಿ. ಹಾಗಾಗಿ ‘ವಿಚಾರಿಸಿದ್ವಿ, ಏನೂ ಇರಲಿಲ್ಲ’ ಅಂತ ಫೈಲು ಮುಚ್ಚೋದನ್ನ ನಾನು ಒಪ್ಪಲ್ಲ.

ಈಗ ಗುರುತುಗಳು. ಅಂಗನವಾಡಿಯವರು, ಆಶಾ ಅಕ್ಕಂದಿರು, ತಾಲ್ಲೂಕು ಆಸ್ಪತ್ರೆಯ ನರ್ಸುಗಳು ಇದನ್ನ ಮನಸ್ಸಲ್ಲಿಟ್ಟುಕೊಳ್ಳಿ. ನಾಲ್ಕು ವರ್ಷದೊಳಗಿನ ಮಗುವಿಗೆ ಎದೆ, ಹೊಟ್ಟೆ, ಬೆನ್ನು, ಕಿವಿ ಅಥವಾ ಕತ್ತಿನ ಮೇಲೆ ರಕ್ತ ಹೆಪ್ಪುಗಟ್ಟಿದ ಕಲೆ ಇದ್ದರೆ ಅನುಮಾನ ಪಡಲೇಬೇಕು. ಓಡಾಡೋ ಮಕ್ಕಳು ಬಿದ್ದರೆ ಮೊಣಕಾಲು, ಹಣೆ, ಮೊಣಕೈ ತರಚುತ್ತೆ, ಕಿವಿ ಕಂದೋದಿಲ್ಲ. ನಾಲ್ಕು ತಿಂಗಳೊಳಗಿನ ಕೂಸಿಗೆ ಮೈಮೇಲೆ ಎಲ್ಲೇ ಕಲೆ ಇದ್ದರೂ ಅದೇ ಎಚ್ಚರಿಕೆ, ಮಗುಚೋಕೂ ಬಾರದ ಕೂಸು ತಾನಾಗಿ ಪೆಟ್ಟು ಮಾಡಿಕೊಳ್ಳಲ್ಲ. ಮೇಲ್ದುಟಿಯನ್ನ ಒಸಡಿಗೆ ಸೇರಿಸೋ ಒಳಗಿನ ಸಣ್ಣ ಎಳೆ ಹರಿದಿದೆಯಾ ನೋಡಿ. ಬಿಸಿನೀರಿನ ಸುಟ್ಟಗಾಯ ಕಾಲುಚೀಲ ಹಾಕಿದ ಹಾಗೆ ನೇರ ಗೆರೆಗೆ ನಿಂತಿದ್ದರೆ, ಕಾಲನ್ನ ನೀರಲ್ಲಿ ಒತ್ತಿ ಹಿಡಿದಿರಬಹುದು.

ಎಲ್ಲಕ್ಕಿಂತ ತಪ್ಪಿಹೋಗೋದು ಕೂಸನ್ನ ಜೋರಾಗಿ ಅಲುಗಾಡಿಸಿದ ಪೆಟ್ಟು. ಹೊರಗೆ ಒಂದು ಗೀರೂ ಇರಲ್ಲ. ಮಿದುಳಿನ ಸುತ್ತ ರಕ್ತ ಒಸರಿ ವಾಂತಿ, ಮಂಪರು, ಫಿಟ್ಸ್ ಬರುತ್ತೆ, ಬರೀ ಹೊಟ್ಟೆ ಕೆಟ್ಟಿದೆ ಅಂತ ಮನೆಗೆ ಕಳಿಸಿಬಿಡೋದುಂಟು. ಆರರಿಂದ ಎಂಟು ವಾರದ ಹೊತ್ತಿಗೆ ಕೂಸಿನ ಅಳು ತುತ್ತತುದಿ ಮುಟ್ಟುತ್ತೆ. ಹಾಲು ಕೊಟ್ಟು, ಬಟ್ಟೆ ಬದಲಿಸಿದರೂ ನಿಲ್ಲಲ್ಲ, ಆ ಸಿಟ್ಟಲ್ಲೇ ಅಲುಗಾಡಿಸಿಬಿಡೋದುಂಟು. ಆಶಾ ಅಕ್ಕ ಆಸ್ಪತ್ರೆ ಹೆರಿಗೆಯಾದ ಮನೆಗೆ 3, 7, 14, 21, 28, 42ನೇ ದಿನ ಹೋಗ್ತಾಳಲ್ಲ, ಆ 28 ಮತ್ತು 42ನೇ ದಿನದ ಭೇಟಿಯಲ್ಲಿ ಅಪ್ಪನನ್ನೂ ಕೂರಿಸಿ ಹೇಳಬೇಕು: ಸಿಟ್ಟು ನೆತ್ತಿಗೇರಿದರೆ ಕೂಸನ್ನ ಚಾಪೆ ಮೇಲೆ ಅಂಗಾತ ಮಲಗಿಸಿ, ಹತ್ತು ನಿಮಿಷ ಹೊರಗೆ ನಿಂತುಕೊಳ್ಳಿ, ಆಮೇಲೆ ಬನ್ನಿ. ಅಷ್ಟು ಹೊತ್ತು ಅತ್ತರೆ ಕೂಸಿಗೆ ಏನೂ ಆಗಲ್ಲ.

ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತೆ, ಕಾಸು ಖರ್ಚಿಲ್ಲ. ಊರು, ಹೋಬಳಿ, ಮನೆ ಹತ್ತಿರದ ಗುರುತು, ಮಗುವಿನ ವಯಸ್ಸು, ಕಣ್ಣಾರೆ ಕಂಡದ್ದು, ಕಂಡ ದಿನ, ಮನೆಯಲ್ಲಿ ಬೇರೆ ಮಕ್ಕಳಿದ್ದಾರಾ, ಇಷ್ಟು ಹೇಳಿ. ಈಗಲೇ ಹೊಡೀತಿದ್ದರೆ ಪೊಲೀಸರ ತುರ್ತು ನಂಬರು 112. ‘ಅವರ ಮನೆ ವಿಷಯ ನಮಗ್ಯಾಕೆ’ ಅನ್ನೋದಕ್ಕೆ ಕಾನೂನೂ ಒಂದು ಸಂದು ಬಿಟ್ಟಿದೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ ತಿಳಿಸಲೇಬೇಕು ಅಂತ ಪೋಕ್ಸೋ ಕಾಯ್ದೆ ನೇರವಾಗಿ ಹೇಳುತ್ತೆ, ಮನೆಯೊಳಗಿನ ಹೊಡೆತಕ್ಕೆ ಅಷ್ಟು ನೇರವಾದ ಕಡ್ಡಾಯ ಇಲ್ಲ. ಇದು ಬದಲಾಗಬೇಕು.

ನಿರ್ಲಕ್ಷ್ಯದ ಮಾತು ಬಂದಾಗ ಮಾತ್ರ ತೂಗಿ ಮಾತಾಡಬೇಕು. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಬೇಕಂತಲೇ ಮಾಡಿದ ನಿರ್ಲಕ್ಷ್ಯಕ್ಕೆ ಮೂರು ವರ್ಷದವರೆಗೆ ಜೈಲು ಹೇಳುತ್ತೆ. ಮಾಲೂರಿನ ಇಟ್ಟಿಗೆ ಗೂಡಲ್ಲಿ ಮಣ್ಣು ಕಲಸೋ ತಾಯಿ, ಟೊಮೇಟೊ ತೋಟದಲ್ಲಿ ಬಗ್ಗಿರೋ ತಾಯಿ ಬೇಕಂತ ಮಗು ಬಿಟ್ಟಿರಲ್ಲ. ಅಂಗನವಾಡಿ ಮೂರು ವರ್ಷಕ್ಕೆ ಸೇರಿಸಿಕೊಳ್ಳುತ್ತೆ, ಅದಕ್ಕಿಂತ ಚಿಕ್ಕ ಮಗು ಬದುವಿನ ಮೇಲೆ. ಪಕ್ಕದಲ್ಲೇ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಪಾಚಿ ಕಟ್ಟಿದ ಆ ಹಾಳೆ ಮೇಲೆ ದೊಡ್ಡವರೇ ಹತ್ತಿ ಬರಲಾರರು. ಸುತ್ತ ಬೇಲಿ ಹಾಕಿ, ಬಾಗಿಲಿಗೆ ಅಗುಳಿ ಇರಲಿ. ನಾಲ್ಕೂ ಬದಿಯಿಂದ ಅಡಿಗೊಂದು ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಡಿ, ಒಂದು ಹಳೇ ಟ್ಯೂಬು ತೇಲಿಬಿಡಿ. ಕೂಲಿ ಕೆಲಸದ ತಾಯಂದಿರ ಎಳೆ ಮಕ್ಕಳನ್ನ ಹಗಲು ನೋಡಿಕೊಳ್ಳೋಕೆ ಸರ್ಕಾರ ಶುರುಮಾಡಿದ ‘ಕೂಸಿನ ಮನೆ’ ಟೊಮೇಟೊ ಕೊಯ್ಲಿನ ಕಾಲದಲ್ಲಿ ಬೆಳಗಿನ ಜಾವವೇ ತೆರೀಬೇಕು, ಕೊಯ್ಲು ಶುರುವಾಗೋದು ಆಗಲೇ.

ನನ್ನ ಬೇಡಿಕೆ ಜಿಲ್ಲಾಡಳಿತಕ್ಕೆ. 1098ಕ್ಕೆ ಕರೆ ಬಂದ, ಮೂರು ವರ್ಷದೊಳಗಿನ ಪ್ರತಿ ಮಗುವಿನ ಮನೆಗೆ ಒಂದು ವರ್ಷ ತಿಂಗಳಿಗೊಮ್ಮೆ ಹೆಚ್ಚುವರಿ ಭೇಟಿ ಆಗಲಿ. ದೂರಿನ ವಿವರ ಆಶಾ ಅಕ್ಕನಿಗೆ ಗೊತ್ತಾಗಬೇಕಿಲ್ಲ, ಅವಳ ಪಟ್ಟಿಗೆ ಆ ಮನೆ ಸೇರಿದರೆ ಸಾಕು. ಹೋದಾಗ ಮಗುವಿನ ಅಂಗಿ ಬಿಚ್ಚಿ ತೂಕ ಮಾಡಲಿ. ಮೈಯೂ ಕಾಣುತ್ತೆ, ತೂಕ ಇಳಿದಿದ್ದರೂ ಗೊತ್ತಾಗುತ್ತೆ.