ಮಂಡಿ ಕೈಕೊಟ್ಟರೂ ಕಣ್ಣು ಕೈಬಿಡಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವನು ನಾನು. ಮೈದಾನಕ್ಕೆ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಒಂದೇ. "ಸರ್, ದಿನಾ ಎಷ್ಟು ರೌಂಡ್ ಓಡಿಸ್ತೀರಿ?" ಓಟ, ಓಟ, ಬರೀ ಓಟ! ಓಡಲಿ, ಬೇಡ ಅನ್ನುವುದಿಲ್ಲ. ಆದರೆ ಫುಟ್‌ಬಾಲ್ ಅಂದರೆ ಮೊದಲು ನೋಡುವುದು, ಆಮೇಲೆ ಓಡುವುದು. ಈ ಒಂದು ಮಾತು ತಲೆಗೆ ಹೋಗಲಿ ಅಂತಲೇ ಇವತ್ತು ಐರ್ಲೆಂಡಿನ ಪಾಲ್ ಮೆಕ್‌ಗ್ರಾತ್ ಕಥೆ ಹೇಳುತ್ತೇನೆ. ಕ್ರಿಕೆಟ್ಟಿನ ಗ್ಲೆನ್ ಮೆಕ್‌ಗ್ರಾತ್ ಅಲ್ಲ, ಅವರು ಬೇರೆ.

ಪಾಲ್ ಹುಟ್ಟಿದ್ದು 1959ರಲ್ಲಿ, ಲಂಡನ್ನಿನಲ್ಲಿ. ತಾಯಿ ಐರಿಶ್, ತಂದೆ ನೈಜೀರಿಯಾದವರು. ಬೆಳೆದದ್ದು ಮಾತ್ರ ಡಬ್ಲಿನ್ನಿನ ಅನಾಥಾಲಯಗಳಲ್ಲಿ. ಆ ಕಾಲದ ಡಬ್ಲಿನ್ನಿನಲ್ಲಿ ಕಪ್ಪು ಹುಡುಗರು ಕಾಣಸಿಗುವುದೇ ಅಪರೂಪ. ಆಡಿಕೊಳ್ಳುವವರಿಗೆ ಕೊರತೆಯೇನಿರಲಿಲ್ಲ. ಹುಡುಗ ಬಾಯಿ ಮುಚ್ಚಿಕೊಂಡು ಆಡಿದ. ಇಂಚಿಕೋರ್ ಅನ್ನುವ ಬಡಾವಣೆಯ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ತಂಡಕ್ಕೆ ಒಂದೇ ಒಂದು ಸೀಸನ್ ಆಡಿದ್ದಕ್ಕೆ ಜನ 'ಇಂಚಿಕೋರಿನ ಕಪ್ಪು ಮುತ್ತು' ಅಂತ ಕರೆದರು. 1982ರಲ್ಲಿ ಇಂಗ್ಲೆಂಡಿನ ದೊಡ್ಡ ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್ ಕರೆಸಿಕೊಂಡಿತು. 1985ರಲ್ಲಿ ಅಲ್ಲಿನ ಹಳೆಯ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದದ್ದೂ ಆಯಿತು.

ಆಮೇಲೆ ಮಂಡಿ ಕೈಕೊಟ್ಟಿತು. ಒಟ್ಟು ಎಂಟು ಆಪರೇಷನ್. ಹೊಸ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಕಾಲಕ್ಕೆ ಕ್ಲಬ್ಬು, ಒಂದಿಷ್ಟು ದುಡ್ಡು ಕೊಡುತ್ತೇವೆ, ಆಟ ನಿಲ್ಲಿಸಿಬಿಡಿ ಅಂದಿತು. ಇವರು ಒಪ್ಪಲಿಲ್ಲ. 1989ರಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಲ್ಲಾ ತಂಡಕ್ಕೆ ಹೋದರು.

ಇಲ್ಲಿಂದ ಸ್ವಲ್ಪ ಗಮನ ಕೊಟ್ಟು ಕೇಳಿ. ವಿಲ್ಲಾದಲ್ಲಿ ಮೆಕ್‌ಗ್ರಾತ್ ಹೆಚ್ಚೂಕಡಿಮೆ ಅಭ್ಯಾಸವನ್ನೇ ಮಾಡುತ್ತಿರಲಿಲ್ಲ. ಉಳಿದವರು ಮೈದಾನದಲ್ಲಿ ಬೆವರು ಸುರಿಸುತ್ತಿದ್ದರೆ, ಫಿಸಿಯೋ ಜಿಮ್ ವಾಕರ್ ಇವರನ್ನು ಒಳಗೆ ಸೈಕಲ್ ಮೇಲೆ ಕೂರಿಸುತ್ತಿದ್ದರು. ಸುಮ್ನೆ ಒಂದಿಷ್ಟು ತುಳಿಯುವುದು, ಅಷ್ಟೇ. ಮ್ಯಾಚಿನ ದಿನ ಶನಿವಾರ ಬಂತೆಂದರೆ ಡಿಫೆನ್ಸ್ ನಡುವೆ ಹೋಗಿ ನಿಲ್ಲುವುದು, ಒಬ್ಬರನ್ನೂ ಬಿಡದಿರುವುದು. ಹೇಗೆ? ಕಣ್ಣು! ಹಾಲು ಉಕ್ಕುವ ಮೊದಲೇ ಅಜ್ಜಿ ಒಲೆ ಆರಿಸುತ್ತಾಳಲ್ಲ, ಹಾಗೆ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದರು. ಮೊದಲೇ ನಿಂತವನು ಓಡುವುದೇಕೆ?

ಇನ್ನು ನನಗೆ ಬಹಳ ಇಷ್ಟವಾದ ಮ್ಯಾಚಿಗೆ ಬರೋಣ. 1994ರ ಜೂನ್ 18. ಅಮೆರಿಕದ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂ. ವಿಶ್ವಕಪ್ಪಿನಲ್ಲಿ ಐರ್ಲೆಂಡಿನ ಮೊದಲ ಪಂದ್ಯ, ಎದುರಿಗೆ ಇಟಲಿ. ನಾಲ್ಕು ವರ್ಷದ ಹಿಂದೆ ರೋಮ್‌ನಲ್ಲಿ ಇದೇ ಇಟಲಿ ಇವರನ್ನು ಕ್ವಾರ್ಟರ್ ಫೈನಲ್‌ನಲ್ಲಿ 1–0ಯಿಂದ ಮನೆಗೆ ಕಳಿಸಿತ್ತು. ಈಗ ಅವರ ಕಡೆ ರಾಬರ್ಟೋ ಬ್ಯಾಜಿಯೋ, ಹಿಂದಿನ ವರ್ಷವಷ್ಟೇ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಗೆದ್ದವರು. ಮೆಕ್‌ಗ್ರಾತ್‌ಗೆ ಆಗ 34 ವರ್ಷ. ಮಂಡಿಯ ಪಾಡು ಗೊತ್ತೇ ಇದೆ. ಸಾಲದ್ದಕ್ಕೆ ಭುಜದ ನೋವು ಬೇರೆ.

ಹನ್ನೊಂದನೇ ನಿಮಿಷ. ಇಟಲಿಯವರು ತಲೆಯಿಂದ ತಳ್ಳಿದ ಚೆಂಡು ಐರ್ಲೆಂಡಿನ ರೇ ಹೌಟನ್ ಹತ್ತಿರ ಬಂತು. ಎದೆಯಲ್ಲಿ ತಡೆದು, ಎಡಗಾಲಲ್ಲಿ ಎತ್ತಿ ಹೊಡೆದರು. ಗೋಲ್‌ಕೀಪರ್ ಪಾಗ್ಲಿಯುಕಾ ತಲೆ ಮೇಲಿಂದ ಹೋಗಿ ಬಲೆಗೆ ಬಿತ್ತು. ಒಂದು ಸೊನ್ನೆ!

ಉಳಿದದ್ದು ಎಂಬತ್ತು ನಿಮಿಷ. ಇಟಲಿ ಮೇಲಿಂದ ಮೇಲೆ ನುಗ್ಗುತ್ತಲೇ ಇತ್ತು. ಆ ಮ್ಯಾಚಿನ ಒಂದು ತುಣುಕು ಇದೆ. ನಾನು ಮಕ್ಕಳಿಗೆ ತೋರಿಸುವುದು ಅದನ್ನೇ. ಪೆನಾಲ್ಟಿ ಬಾಕ್ಸಿನಲ್ಲಿ ಮೆಕ್‌ಗ್ರಾತ್ ಒಂದು ಚೆಂಡು ತಡೆಯುತ್ತಾರೆ. ಅದು ತಿರುಗಿ ಇಟಲಿಗೇ ಸಿಗುತ್ತದೆ. ಮತ್ತೆ ಬರುತ್ತದೆ, ಮತ್ತೆ ಇವರೇ! ಕೊನೆಗೆ ಬ್ಯಾಜಿಯೋ ಬಾರಿಸಿದ ಚೆಂಡು ನೇರ ಇವರ ಮುಖಕ್ಕೆ. ಎಲ್ಲ ಕೆಲವೇ ಸೆಕೆಂಡಿನಲ್ಲಿ. ನೋಡಿದ ಹುಡುಗರು "ಅಬ್ಬಾ, ಏನು ಧೈರ್ಯ" ಅನ್ನುತ್ತಾರೆ. ಧೈರ್ಯ ಇರಲಿ ಮಾರಾಯ್ರೇ, ಕಾಲು ನೋಡಿ! ಒಂದೊಂದು ಸಲಕ್ಕೂ ಎರಡೇ ಹೆಜ್ಜೆ. ಬ್ಯಾಜಿಯೋ ಕಾಲೆತ್ತುವ ಹೊತ್ತಿಗೆ ಇವರು ಆ ದಾರಿಯಲ್ಲಿ ನಿಂತಾಗಿದೆ. ಮೊದಲು ನೋಡುವುದು, ಆಮೇಲೆ ಓಡುವುದು. ಹೇಳಿದೆನಲ್ಲ?

ಐರ್ಲೆಂಡ್ 1–0ಯಿಂದ ಗೆದ್ದಿತು. ಅದೇ ಇಟಲಿ ಆ ವಿಶ್ವಕಪ್ಪಿನ ಫೈನಲ್ ತನಕ ಹೋಯಿತು ಅನ್ನುವುದು ನೆನಪಿರಲಿ. ಗ್ಯಾಲರಿಯಲ್ಲಿ ಐರಿಶ್ ಅಭಿಮಾನಿಗಳು "ಊ ಆ ಪಾಲ್ ಮೆಕ್‌ಗ್ರಾತ್" ಅಂತ ಹಾಡುವುದು ಆ ದಿನಗಳ ರೂಢಿ. ವಿಲ್ಲಾದ ಜನರಂತೂ ಇವರನ್ನು 'ದೇವರು' ಅಂತಲೇ ಕರೆಯುತ್ತಿದ್ದರು.

ಗಡಿಯಾರ ನೋಡಿದರೆ ನನ್ನ ಟೈಮು ಮುಗಿಯುತ್ತಾ ಬಂದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕುಡಿತದ ಚಟ ಇತ್ತು. ಅದರಿಂದ ತಪ್ಪಿಸಿಕೊಂಡ ಪಂದ್ಯಗಳೂ ಇವೆ. ಅವರೇ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದಾರೆ, ನಾನು ಮುಚ್ಚಿಡುವುದೇನು? ದೇಶಕ್ಕೆ 83 ಪಂದ್ಯ, 8 ಗೋಲು. ಡಿಫೆನ್ಸ್‌ನಲ್ಲಿ ಜಾಗ ಇಲ್ಲದಾಗ ಕೋಚ್ ಜ್ಯಾಕ್ ಚಾರ್ಲ್ಟನ್ ಇವರನ್ನು ಮಿಡ್‌ಫೀಲ್ಡ್‌ನಲ್ಲೂ ಆಡಿಸಿದರು, ಅಲ್ಲೂ ಸೈ. ವಿಲ್ಲಾ ಪರ 1994 ಮತ್ತು 1996ರಲ್ಲಿ ಲೀಗ್ ಕಪ್. 1994ರ ಫೈನಲ್‌ನಲ್ಲಿ 3–1ರಿಂದ ಸೋತವರು ಯಾರು ಗೊತ್ತಾ? ಆಟ ನಿಲ್ಲಿಸಿಬಿಡಿ ಅಂದಿದ್ದ ಅದೇ ಮ್ಯಾಂಚೆಸ್ಟರ್ ಯುನೈಟೆಡ್! ಆಮೇಲೆ ಡರ್ಬಿ ಕೌಂಟಿ, ಶೆಫೀಲ್ಡ್ ಯುನೈಟೆಡ್, ಅಲ್ಲಿಗೆ ಆಟ ಮುಗಿಯಿತು.

ಪ್ರಶಸ್ತಿಯದೊಂದು ಉಳಿಯಿತು. ಇಂಗ್ಲೆಂಡಿನಲ್ಲಿ ವರ್ಷದ ಆಟಗಾರನನ್ನು ಆಟಗಾರರೇ ವೋಟು ಹಾಕಿ ಆರಿಸುವ ಪಿಎಫ್‌ಎ ಪ್ರಶಸ್ತಿ ಇದೆ. ವೋಟು ಹಾಕುವವರು ವಾರವಿಡೀ ಓಡಿ ಓಡಿ ಸುಸ್ತಾದವರು, ಶನಿವಾರ ಇವರ ಎದುರು ಆಡಿ ಅನುಭವಿಸಿದವರು. 1993ರಲ್ಲಿ ಅವರೆಲ್ಲ ಸೇರಿ ಆರಿಸಿದ್ದು ಒಳಗೆ ಕೂತು ಸೈಕಲ್ ತುಳಿಯುತ್ತಿದ್ದ ಈ ಮನುಷ್ಯನನ್ನೇ.

ನಮಸ್ಕಾರ.