ಫ್ರೇಮ್‌ವರ್ಕ್ ಬದಲಿಸುವ ಮೊದಲು ಕ್ವೆರಿ ಎಣಿಸಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಕುಂಬಳೆ, ಪೆರ್ಲ ಕಡೆ ಬಿಸಿಎ ಮುಗಿಸಿದ ಮಕ್ಕಳು ನನ್ನ ಹತ್ರ ಕೇಳುದು ಒಂದೇ ಪ್ರಶ್ನೆ, ಸರ್ ವೆಬ್‌ಸೈಟ್ ಕಟ್ಲಿಕ್ಕೆ ಸಿಗುವ ತಯಾರಿ ಚೌಕಟ್ಟು, ಅಂದ್ರೆ ಫ್ರೇಮ್‌ವರ್ಕ್, ಯಾವುದು ಫಾಸ್ಟ್, ಜ್ಯಾಂಗೋ ಸಾಕಾ, ಲಾರಾವೆಲ್ಲಾ, ಎಕ್ಸ್‌ಪ್ರೆಸ್ಸಾ, ಅಲ್ಲ ಗೋ ಭಾಷೆ ಕಲೀಬೇಕಾ ಅಂತ. ನಾನು ಹೇಳುದೂ ಒಂದೇ, ಮೊದಲು ಡೇಟಾಬೇಸಿಗೆ ಎಷ್ಟು ಸಲ ಹೋಗ್ತಾ ಇದ್ದೀರಿ ಎಣಿಸಿ. ಹಾಗೆ ಹೋಗಿ ಕೇಳುವ ಒಂದೊಂದು ಪ್ರಶ್ನೆಯೇ ಒಂದು ಕ್ವೆರಿ.

ನಮ್ಮ ಹತ್ರ ಅಡಿಕೆ ತಕ್ಕೊಳ್ಳುವ ಒಂದು ಸಣ್ಣ ಸಂಘ ಉಂಟು, 600 ಸದಸ್ಯರು. ಯಾರಿಗೆ ಎಷ್ಟು ಹಣ ಬಾಕಿ ಅಂತ ತೋರಿಸುವ ಪೇಜು ಜ್ಯಾಂಗೋದಲ್ಲಿ ಮಾಡಿದ್ದು, ಬರ್ಲಿಕ್ಕೆ 3 ಸೆಕೆಂಡಿನ ಮೇಲೆ. ಜ್ಯಾಂಗೋ ಇರುವ ಪೈಥಾನ್ ಭಾಷೆ ಸ್ಲೋ ಅಂತ ಯಾರೋ ಹೇಳಿದ್ರು, ಅಲ್ಲಿನ ಹುಡುಗ ಎರಡು ತಿಂಗಳು ನಿದ್ದೆ ಬಿಟ್ಟು ಎಲ್ಲಾ ಗೋದಲ್ಲಿ ಬರೆದ. ಹಾಕಿ ನೋಡಿದ್ರೆ ಪುನಃ 3 ಸೆಕೆಂಡು! ಪಾಪ, ಅವನ ಮೋರೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ನಾನು ಹೋಗಿ ಕ್ವೆರಿ ಲಾಗ್, ಅಂದ್ರೆ ಹೋದ ಕ್ವೆರಿಗಳ ಪಟ್ಟಿ, ಆನ್ ಮಾಡಿಸಿದೆ, ಒಂದು ಪೇಜಿಗೆ 601 ಕ್ವೆರಿ. ಹೆಸರಿನ ಪಟ್ಟಿಗೆ ಒಂದು, ಮತ್ತೆ ಒಬ್ಬೊಬ್ಬರ ಬಾಕಿಗೆ ಒಂದೊಂದು. ಡೇಟಾಬೇಸ್ ಇದ್ದದ್ದು ಬೇರೆ ಮೆಷಿನಿನಲ್ಲಿ, ಹೋಗಿ ಬರ್ಲಿಕ್ಕೆ 5 ಮಿಲಿಸೆಕೆಂಡು, 600 ಸಲಕ್ಕೆ ಲೆಕ್ಕ ಹಾಕಿ, ಅಲ್ಲೇ 3 ಸೆಕೆಂಡ್ ಆಯ್ತು.

ಮದುವೆ ಊಟಕ್ಕೆ ಬಡಿಸುವವ ಬಾಲ್ದಿ ಹಿಡ್ಕೊಳ್ಳದೆ ಪ್ರತಿ ಎಲೆಗೂ ಒಂದೊಂದು ಸೌಟು ಸಾಂಬಾರಿಗೆ ಅಡುಗೆ ಕೊಟ್ಟಿಗೆಗೆ ಹೋಗಿ ಬಂದ ಹಾಗೆ, ಅವನ ಕಾಲು ಎಷ್ಟು ಚುರುಕಿದ್ರೆ ಎಂತ ಪ್ರಯೋಜನ? ಹೆಸರಿನ ಪಟ್ಟಿ, ಬಾಕಿಯ ಪಟ್ಟಿ ಎರಡನ್ನೂ ಜೋಡಿಸುವ ಜಾಯಿನ್ ಹಾಕಿ ಒಂದೇ ಕ್ವೆರಿ ಮಾಡಿದೆವು, ಬೇಗ ಹುಡುಕ್ಲಿಕ್ಕೆ ಸದಸ್ಯರ ನಂಬರಿಗೆ ಇಂಡೆಕ್ಸ್ ಹಾಕಿದೆವು, ಪೇಜು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂತು. ಆಮೇಲೆ ಆ ಹಳೇ ಜ್ಯಾಂಗೋ ಕೋಡಿಗೂ ಇದನ್ನೇ ಮಾಡಿ ನೋಡಿದೆವು. ಅದೂ ಅಷ್ಟೇ ಬೇಗ! ಆ ಎರಡು ತಿಂಗಳು ನೆನೆಸಿದ್ರೆ ನನಗೆ ಇವತ್ತಿಗೂ ಬೇಜಾರಾಗ್ತದೆ.

ಟೈಮು ಹೋಯ್ತು, ಉಳಿದದ್ದು ಬೇಗ ಹೇಳ್ತೇನೆ. ಫ್ರೇಮ್‌ವರ್ಕುಗಳ ವೇಗ ಹೋಲಿಸುವ ಟೆಕ್‌ಎಂಪವರ್ ಕಂಪೆನಿಯವರ ಬೆಂಚ್‌ಮಾರ್ಕ್ 2013ರಲ್ಲಿ ಶುರುವಾದದ್ದು, ಮಕ್ಕಳು ಅದರಲ್ಲಿ ಮೇಲೆ ಯಾರು ಅಂತ ಮಾತ್ರ ನೋಡುದು. ಪ್ಲೇನ್‌ಟೆಕ್ಸ್ಟ್ ಟೆಸ್ಟಿನಲ್ಲಿ ಸರ್ವರ್ ಬರೇ ಹಲೋ ವರ್ಲ್ಡ್ ಅಂತದೆ, ಡೇಟಾಬೇಸ್ ಮುಟ್ಟುದೇ ಇಲ್ಲ, ಅಲ್ಲಿ ರಸ್ಟ್ ಭಾಷೆಯವು ಮೇಲಿನ ಸಾಲಿನಲ್ಲಿ ಕಾಣ್ತವೆ. ಒಂದು ರಿಕ್ವೆಸ್ಟಿಗೆ 20 ಕ್ವೆರಿ ಇರುವ ಟೆಸ್ಟ್ ಕೂಡ ಅಲ್ಲೇ ಉಂಟು, ಅದನ್ನು ನೋಡಿ ಮಾರಾಯ್ರೆ, ಎಲ್ಲರ ನಂಬರೂ ಕೆಳಗೆ ಬಿದ್ದಿರ್ತದೆ. ಸಾವಿರಗಟ್ಟಲೆ ಕನೆಕ್ಷನ್ ತೆರೆದೇ ಇಡುವ ಚಾಟಿನಂಥ ಕೆಲಸಕ್ಕೆ ಗೋ, ನೋಡ್‌ಜೆಎಸ್ ತಕ್ಕೊಳ್ಳಿ, ಬೇಡ ಅನ್ನುದಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಕ್ವೆರಿ ಹಾಕದೆ ಬೇಕಾದ ಡೇಟಾ ಒಟ್ಟಿಗೆ ತರ್ಲಿಕ್ಕೆ ಜ್ಯಾಂಗೋದಲ್ಲಿ ಸೆಲೆಕ್ಟ್ ರಿಲೇಟೆಡ್, ರೈಲ್ಸ್ ಫ್ರೇಮ್‌ವರ್ಕಿನಲ್ಲಿ ಇನ್‌ಕ್ಲೂಡ್ಸ್, ಲಾರಾವೆಲ್ಲಿನಲ್ಲಿ ವಿತ್, ಈ ಹೆಸರುಗಳನ್ನು ಬರೆದಿಟ್ಕೊಳ್ಳಿ. ಇವತ್ತು ರಾತ್ರಿಯೇ ನಿಮ್ಮ ಪ್ರಾಜೆಕ್ಟಿನ ಕ್ವೆರಿ ಲಾಗ್ ಆನ್ ಮಾಡಿ, ಒಂದು ಪೇಜು ತೆರೆದು ಎಣಿಸಿ. ನಮಸ್ಕಾರ.